ತೊಗಲು, ಅತ್ತರು ಮತ್ತು ಮಣ್ಣಿನ ವಾಸನೆ

ದಲಿತ ಲೇಖಕನ ಪುಸ್ತಕವೊಂದು ಬಂತೆಂದರೆ ನಮ್ಮ ವಿಮರ್ಶಕರ ಬಳಿ ಒಂದು ಮಾತು ತಯಾರಾಗಿಯೇ ಇರುತ್ತದೆ: ಈ ಬರಹಕ್ಕೆ ಮಣ್ಣಿನ ವಾಸನೆಯಿದೆ. ಇನ್ನೂ ಸ್ವಲ್ಪ ಓದಿಕೊಂಡವರಾದರೆ 'ಸೊಗಡು' ಎನ್ನುತ್ತಾರೆ. ನಾಲ್ಕು ದಶಕಗಳಿಂದ ಇದನ್ನು ಕೇಳುತ್ತಾ ಬಂದಿದ್ದೇನೆ. ಹೊಗಳಿಕೆಯೇ, ಅನುಮಾನವಿಲ್ಲ. ಆದರೆ ಮೇಲ್ಜಾತಿಯ ಕವಿಯೊಬ್ಬನ ಸಂಕಲನಕ್ಕೆ ತುಪ್ಪದ ವಾಸನೆಯಿದೆ, ಕರ್ಪೂರದ ವಾಸನೆಯಿದೆ ಎಂದು ಯಾರೂ ಮುನ್ನುಡಿ ಬರೆದದ್ದನ್ನು ನಾನು ಕಂಡಿಲ್ಲ. ಅವರ ಬರಹಕ್ಕೆ ದರ್ಶನವಿರುತ್ತದೆ, ಧ್ವನಿಯಿರುತ್ತದೆ. ನಮ್ಮದಕ್ಕೆ ವಾಸನೆಯಿರುತ್ತದೆ.

ಮೂಗಿನಿಂದ ಓದುವ ಈ ಪದ್ಧತಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕಾಗಿದೆ. ಕಣ್ಣು, ಕಿವಿಗಳ ಬಗ್ಗೆ ನಮ್ಮ ಕಾವ್ಯಮೀಮಾಂಸೆ ಸಾವಿರ ವರ್ಷ ಮಾತಾಡಿದೆ. ಮೂಗಿನ ಬಗ್ಗೆ ಮಾತಾಡಿದ್ದು ಧರ್ಮಶಾಸ್ತ್ರ, ವೈದ್ಯ ಮತ್ತು ಅರಮನೆ. ಹಾಗಾಗಿ ಇಲ್ಲಿ ವಾಸನೆಯನ್ನು ರೂಪಕ ಮಾಡದೆ, ಮೂಗಿಗೆ ಬಡಿಯುವ ವಸ್ತುವಾಗಿಯೇ ಹಿಡಿದುಕೊಂಡು ಅದರ ಚರಿತ್ರೆಯನ್ನು ಒಂದಷ್ಟು ದೂರ ಹಿಂಬಾಲಿಸುತ್ತೇನೆ.

ಭಾಷೆಯಿಂದಲೇ ಶುರುಮಾಡಬಹುದು. ಸಂಸ್ಕೃತದಲ್ಲಿ 'ಗಂಧ' ಎಂದರೆ ಬರೀ ವಾಸನೆ. ಒಳ್ಳೆಯದಕ್ಕೆ 'ಸು', ಕೆಟ್ಟದ್ದಕ್ಕೆ 'ದುರ್' ಸೇರಿಸಬೇಕು. ಕನ್ನಡಕ್ಕೆ ಬಂದ ಗಂಧ ನೇರವಾಗಿ ಚಂದನದ ಮರ ಹತ್ತಿ ಕೂತಿತು. ನಮ್ಮದೇ ಆದ 'ನಾತ'ದ ಪಾಡು ಬೇರೆ. ಹಳಗನ್ನಡದಲ್ಲಿ 'ನಾಱು' ಎಂದರೆ ವಾಸನೆ ಬೀರು ಎಂದಷ್ಟೇ ಅರ್ಥ. ತಮಿಳಿನಲ್ಲಿ ಇದೇ ಬುಡದ ಮಾತು ಒಂದು ಕಾಲಕ್ಕೆ ಪರಿಮಳಕ್ಕೇ ಸಲ್ಲುತ್ತಿತ್ತು. ಈಗ ಎರಡೂ ಕಡೆ ಅದು ಗಬ್ಬು. ಮೇಲಿನಿಂದ ಬಂದ ಶಬ್ದ ದೇವರ ಹಣೆಗೆ ಹೋಯಿತು, ನೆಲದ ಶಬ್ದ ಕೊಚ್ಚೆಗೆ ಬಿತ್ತು. ಶಬ್ದಗಳಿಗೂ ಊರು-ಕೇರಿ ಇದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಈ ವಿಚಾರ ನನ್ನ ಮೈಮೇಲೆಯೇ ಬಂದದ್ದು ಒಂದು ಸಣ್ಣ ಸೀಸೆಯಿಂದ. ಉತ್ತರ ಪ್ರದೇಶದ ಕನೌಜಿಗೆ ಹೋಗಿದ್ದ ಗೆಳೆಯರೊಬ್ಬರು ಅಲ್ಲಿಂದ ಬೆರಳುದ್ದದ ಅತ್ತರಿನ ಸೀಸೆ ತಂದುಕೊಟ್ಟರು. ಹೂವಿನದಲ್ಲ, ನಾಗರಮೋಥಾ ಎಂಬ ಗೆಡ್ಡೆಯದು. ಒಂದು ಹನಿಯನ್ನು ಎಡಗೈ ಮಣಿಕಟ್ಟಿಗೆ ಹಚ್ಚಿಕೊಂಡೆ. ಮೊದಲ ಏಟಿಗೇ ಮೂಗು ಹಿಂದಕ್ಕೆ ಸರಿಯಿತು. ಹಸಿ ಸೌದೆ ಒಲೆಗಿಟ್ಟರೆ ಗಂಟಲಿಗಿಳಿಯುತ್ತದಲ್ಲ, ಅಂಥ ಹೊಗೆ. ಅದರ ಬೆನ್ನಿಗೇ ಒಣಗಿದ ತೊಗಲು: ಹೊಸ ಕೆರದ ಒಳಮೈ. ಹತ್ತು ನಿಮಿಷ ಕಳೆದ ಮೇಲೆ ಘಾಟು ತಗ್ಗಿ ಬೇರಿನ ವಾಸನೆ ಬಂತು, ಒದ್ದೆ ಹೊಲದಲ್ಲಿ ಗೆಡ್ಡೆ ಕಿತ್ತಾಗ ಅದಕ್ಕೆ ಅಂಟಿಕೊಂಡು ಬರುವ ತಣ್ಣನೆಯ ಕಪ್ಪು ಮಣ್ಣಿನ ಹಾಗೆ. ಮಲ್ಲಿಗೆ ಗುಲಾಬಿಗಳ ಅತ್ತರಿನಂತೆ ಇದು ನಮ್ಮನ್ನು ಓಲೈಸುವುದಿಲ್ಲ. ತಾಳಿಕೋ ಎನ್ನುತ್ತದೆ. ಮೈ ಬಿಸಿಯಾದಂತೆ ಹೊಗೆ ಮತ್ತೆ ಏಳುತ್ತದೆ. ಬೆವರು ಬಂದರೆ ಬೆವರೂ ಅದೂ ಒಂದಾಗಿ ಯಾವುದು ಯಾವುದೆಂದು ತಿಳಿಯದಂತಾಗುತ್ತದೆ. ಸಂಜೆಯ ಹೊತ್ತಿಗೆ ಉಳಿದದ್ದು ಕಾಯಿಸಿಟ್ಟ ತಮಟೆಯ ವಾಸನೆ. ಜಾತ್ರೆಯ ರಾತ್ರಿ ಹುಲ್ಲು ಉರಿ ಹಾಕಿ ತಮಟೆಯ ಮುಖವನ್ನು ಬೆಂಕಿಗೆ ಹಿಡಿದು, ಬೆರಳಿಂದ ತಟ್ಟಿ ನೋಡಿ, ಮತ್ತೆ ಹಿಡಿಯುತ್ತಾರಲ್ಲ, ಆ ಹೊತ್ತಿನ ವಾಸನೆ. ಅದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಬಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ.

ನಮ್ಮ ಅವ್ವನ ಮೂಗಿಗೆ ಕೈ ಒಡ್ಡಿದೆ. ಒಂದೇ ಸಲ ಮೂಸಿ ಹೇಳಿದಳು: "ಇದ್ಯಾನ್ಲಾ ಮಗಾ, ಕೊನ್ನಾರಿ ಗೆಡ್ಡೆ ನಾತ. ಇದುಕ್ಕೆ ದುಡ್ಡು ಬೇರೆ ಕೊಟ್ರಾ?"

ಅವಳ ಮೂಗು ಸರಿಯಾಗಿಯೇ ಹೇಳಿತ್ತು. ನಮ್ಮ ಹೊಲಗದ್ದೆಗಳಲ್ಲಿ ಕೊನ್ನಾರಿ, ಜೇಕು, ತುಂಗೆ ಎಂದು ಕರೆಸಿಕೊಳ್ಳುವ ಹಾಳು ಕಳೆಯ ಹತ್ತಿರದ ಬಂಧುವೇ ಈ ನಾಗರಮೋಥಾ. ಎಷ್ಟು ಕಿತ್ತರೂ ಗೆಡ್ಡೆ ಒಳಗುಳಿದು ಮತ್ತೆ ಚಿಗುರುವ ಈ ಕಳೆಯನ್ನು ಅವ್ವ ಕೂಲಿಗೆ ಕಿತ್ತು ಕಿತ್ತು ಬದುವಿಗೆ ಎಸೆದವಳು. ಮಧ್ಯಪ್ರದೇಶ, ಛತ್ತೀಸಗಢಗಳ ಕಡೆ ಅದನ್ನು ಅಗೆದು ಒಣಗಿಸಿ ಮಾರುತ್ತಾರೆ. ಅದರ ಎಣ್ಣೆ 'ಸಿಪ್ರಿಯಾಲ್' ಎಂಬ ಹೆಸರಿನಲ್ಲಿ ಹಡಗು ಹತ್ತುತ್ತದೆ. ಇವತ್ತು ದೊಡ್ಡ ಅಂಗಡಿಗಳ ಗಾಜಿನ ಕಪಾಟಿನಲ್ಲಿ 'ಊದ್', 'ಲೆದರ್' ಎಂದು ಬರೆದುಕೊಂಡು ನಿಂತಿರುವ ಎಷ್ಟೋ ಸೆಂಟುಗಳ ಹೊಗೆಯಲ್ಲಿ ಈ ಗೆಡ್ಡೆಯ ಪಾಲಿದೆ.

ಕನೌಜಿನಲ್ಲಿ ಅತ್ತರು ಇಳಿಸುವ ಕ್ರಮ ಹಳೆಯದು. 'ದೇಗ್' ಎಂಬ ತಾಮ್ರದ ಹಂಡೆ, ಅದರ ಬಾಯಿಗೆ ಮಣ್ಣು ಮೆತ್ತಿದ ಮುಚ್ಚಳ, ಅಲ್ಲಿಂದ ಬಿದಿರಿನ ಕೊಳವೆ, ಕೊಳವೆಯ ತುದಿಗೆ ನೀರಿನ ತೊಟ್ಟಿಯಲ್ಲಿ ಕೂತ 'ಭಪ್ಕಾ' ಎಂಬ ಉದ್ದ ಕತ್ತಿನ ಪಾತ್ರೆ. ಭಪ್ಕಾದೊಳಗೆ ಗಂಧದೆಣ್ಣೆ ಇರುತ್ತದೆ. ಹಬೆಯಲ್ಲಿ ಬಂದ ವಾಸನೆಯನ್ನು ಅದು ಹಿಡಿದುಕೊಳ್ಳುತ್ತದೆ. ಆ ಗಂಧದೆಣ್ಣೆ ಬಹುಕಾಲ ನಮ್ಮ ಮೈಸೂರು ಸೀಮೆಯಿಂದ ಹೋಗುತ್ತಿತ್ತು. ಈಗ ಗಂಧ ತುಟ್ಟಿಯಾಗಿ ಅನೇಕರು ಅಗ್ಗದ ಎಣ್ಣೆಗೆ ಇಳಿದಿದ್ದಾರೆ. ಅಲ್ಲಿ ಮಣ್ಣಿನಿಂದಲೂ ಅತ್ತರು ತೆಗೆಯುತ್ತಾರೆ. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ದೇಗಿಗೆ ಹಾಕಿ ಮೊದಲ ಮಳೆಯ ವಾಸನೆಯನ್ನು ಎಣ್ಣೆಗೆ ಇಳಿಸುತ್ತಾರೆ. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಈ ವಾಸನೆಗೆ 'ಪೆಟ್ರಿಕೋರ್' ಎಂದು ಹೆಸರಿಟ್ಟು ಪ್ರಬಂಧ ಬರೆದಾಗ, ಉತ್ತರ ಪ್ರದೇಶದ ಅತ್ತರುಗಾರರು ಇದನ್ನು ಮೊದಲೇ ಸೀಸೆಗೆ ಹಿಡಿದಿದ್ದಾರೆ ಎಂದು ಅವರೇ ಒಪ್ಪಿಕೊಂಡಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಘಟ್ಟ. ಇಳಿಸಿದ ಅತ್ತರಿನಲ್ಲಿ ನೀರಿನ ಪಸೆ ಉಳಿದಿರುತ್ತದೆ. ಅದು ಹೋಗದಿದ್ದರೆ ಅತ್ತರು ಕೆಡುತ್ತದೆ. ಅದಕ್ಕೆ ಕನೌಜಿನವರು ಕಂಡುಕೊಂಡ ಉಪಾಯ 'ಕುಪ್ಪಿ', ಅಂದರೆ ತೊಗಲಿನ ಸೀಸೆ. ಎಮ್ಮೆಯ ಅಥವಾ ಒಂಟೆಯ ಚರ್ಮದಿಂದ ಮಾಡಿದ ಕುಪ್ಪಿಗೆ ಅತ್ತರು ತುಂಬಿ ಬಿಸಿಲಿಗಿಟ್ಟರೆ ನೀರು ತೊಗಲಿನ ಸಣ್ಣ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಗೆ ಹೋಗುತ್ತದೆ, ವಾಸನೆ ಒಳಗೆ ಉಳಿಯುತ್ತದೆ. ಅತ್ತರು ಮಾಗುತ್ತದೆ. ಗಾಜು ಈ ಕೆಲಸ ಮಾಡಲಾರದು, ತಾಮ್ರ ಮಾಡಲಾರದು. ಬಾದಶಹರ ಗಡ್ಡಕ್ಕೆ, ಮದುವಣಗಿತ್ತಿಯರ ಕಿವಿಯ ಹಿಂದಕ್ಕೆ, ದರ್ಗಾದ ಚಾದರಕ್ಕೆ, ದೇವರ ಮೂರ್ತಿಗೆ ಹೋದ ಆ ಗುಲಾಬಿ, ಕೇದಗೆಗಳೆಲ್ಲ ತೊಗಲಿನೊಳಗೆ ಹದಕ್ಕೆ ಬಂದವು. ಈಗ ಅಲ್ಯೂಮಿನಿಯಂ ಡಬ್ಬಿ, ಗಾಜಿನ ಬುಡ್ಡಿ ಬಂದು ಕುಪ್ಪಿ ಬಹುಮಟ್ಟಿಗೆ ಹಿಂದೆ ಸರಿದಿದೆ. ಅತ್ತರಿಗೆ ಹೆಸರಿದೆ, ಇಳಿಸಿದ ಮನೆತನಗಳಿಗೆ ಹೆಸರಿದೆ. ಸತ್ತ ಎಮ್ಮೆ ಸುಲಿದು ಆ ತೊಗಲನ್ನು ವಾಸನೆ ತಡೆಯುವಷ್ಟು ಹದ ಮಾಡಿದ ಕೈ ಯಾರದೆಂದು ಯಾವ ಸೀಸೆಯ ಮೇಲೂ ಬರೆದಿರಲಿಲ್ಲ.

ಅರಮನೆಯ ಗ್ರಂಥಗಳಿಗೆ ಬರೋಣ. ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಗಂಧಯುಕ್ತಿ ಎಂದೇ ಒಂದು ಅಧ್ಯಾಯವಿದೆ. ಕನ್ನಡದಲ್ಲಿ ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬಾವಿಯ ಸೆಲೆ ಹುಡುಕುವುದು, ಅಡುಗೆ, ದನದ ಮದ್ದುಗಳ ಜೊತೆಗೆ ಸುಗಂಧ ಮಾಡುವ ವಿಧಾನವೂ ಇದೆ. ನೂರು ವರ್ಷದ ನಂತರ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಲೇಪನಕ್ಕೊಂದು, ಧೂಪಕ್ಕೊಂದು ಭೋಗವನ್ನೇ ಮೀಸಲಿಟ್ಟಿದ್ದಾರೆ. ಈ ಪರಂಪರೆಯ ಸಾಮಗ್ರಿಗಳ ಪಟ್ಟಿ ಓದಿದರೆ ನಗು ಬರುತ್ತದೆ. ಕಸ್ತೂರಿ: ಗಂಡು ಕಸ್ತೂರಿಮೃಗದ ಹೊಟ್ಟೆಯಡಿಯ ಗ್ರಂಥಿ, ಚರ್ಮದ ಚೀಲದ ಸಮೇತ ಕೊಯ್ದದ್ದು. ಪುನುಗು: ಪುನುಗು ಬೆಕ್ಕಿನ ಬಾಲದ ಬುಡದಿಂದ ಒರೆಸಿ ತೆಗೆದದ್ದು. ನಖ: ಕಡಲ ಶಂಖದ ಹುಳುವಿನ ಬಾಯಿ ಮುಚ್ಚುವ ಚಿಪ್ಪು, ಸುಟ್ಟರೆ ತೊಗಲು ಕಮರಿದಂತೆ ನಾರುತ್ತದೆ. ಇವೆಲ್ಲ ಸುಗಂಧಗಳು! ತಿರುಮಲೆಯ ವೆಂಕಟೇಶ್ವರನ ಮೂರ್ತಿಗೆ ಶುಕ್ರವಾರದ ಅಭಿಷೇಕದ ನಂತರ ಹಚ್ಚುವುದು ಪುನುಗಿನ ತೈಲವೇ. ಪ್ರಾಣಿಯ ಮೈಯ ಕೊಳೆ ಗರ್ಭಗುಡಿಗೆ ಹೋಗಲು ಅಡ್ಡಿಯಿಲ್ಲ. ಪ್ರಾಣಿಯ ಮೈ ಮುಟ್ಟಿದವನಿಗೆ ಗುಡಿಯ ಅಂಗಳವೂ ಇರಲಿಲ್ಲ.

ಮನು ಇದನ್ನು ಇನ್ನೂ ನೇರ ಮಾಡಿಟ್ಟಿದ್ದಾನೆ. ಐದನೆಯ ಅಧ್ಯಾಯದಲ್ಲಿ ವಸ್ತುಗಳ ಶುದ್ಧಿ ಹೇಳುವಾಗ, ಬಟ್ಟೆಯನ್ನು ಶುದ್ಧಿ ಮಾಡುವಂತೆಯೇ ಚರ್ಮವನ್ನೂ ಶುದ್ಧಿ ಮಾಡಬಹುದು ಎನ್ನುತ್ತಾನೆ. ನಾಲ್ಕನೆಯ ಅಧ್ಯಾಯದಲ್ಲಿ ಚರ್ಮ ಕೊಯ್ಯುವವನ ಅನ್ನ ಉಂಡವನ ಕೀರ್ತಿ ನಾಶವಾಗುತ್ತದೆ ಎನ್ನುತ್ತಾನೆ. ಎರಡನ್ನೂ ಕೂಡಿಸಿ ಓದಿ: ತೊಗಲನ್ನು ತೊಳೆದರೆ ಹೋಗುವ ಮೈಲಿಗೆ ತೊಗಲಿನವನನ್ನು ತೊಳೆದರೆ ಹೋಗುವುದಿಲ್ಲ. ವಾಸನೆ ವಸ್ತುವಿನಲ್ಲಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಋಷಿ ಕೂರಲು ಜಿಂಕೆಯ ಚರ್ಮ ಬೇಕಾಯಿತು. ಅದನ್ನು ಸುಲಿದು ಕೊಟ್ಟವರಾರೆಂದು ಯಾವ ಪುರಾಣವೂ ಹೇಳುವುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣ ಈ ಲೆಕ್ಕವನ್ನು ತಲೆಕೆಳಗು ಮಾಡಲು ಹೊರಟಿತ್ತು. ಮಾದಾರ ಚನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ - ಹೆಸರಿನ ಜೊತೆಗೇ ಕಸುಬು ಇಟ್ಟುಕೊಂಡು ಅನುಭವದ ಮಾತಾಡಿದವರು. ಡೋಹರರೆಂದರೆ ತೊಗಲು ಹದ ಮಾಡುವವರೇ. ಆದರೆ ಹರಳಯ್ಯನ ಕಥೆ ಜನರ ಬಾಯಲ್ಲಿ ಉಳಿದ ಬಗೆಯನ್ನು ಗಮನಿಸಬೇಕು. ಅವನು ಬಸವಣ್ಣನಿಗೆ ಮಾಡಿಕೊಟ್ಟ ಚಮ್ಮಾವುಗೆ ಸತ್ತ ದನದ ತೊಗಲಿನದಲ್ಲ. ಅವನ ಮತ್ತು ಅವನ ಹೆಂಡತಿಯ ತೊಡೆಯ ಚರ್ಮದ್ದು. ಭಕ್ತಿಯ ಪರಾಕಾಷ್ಠೆ ಎಂದು ಇದನ್ನು ಕೊಂಡಾಡುತ್ತೇವೆ. ನನಗೆ ಅಲ್ಲಿ ಇನ್ನೊಂದು ಕಾಣುತ್ತದೆ. ಆ ಕಥೆಯಲ್ಲಿ ಸುಣ್ಣದ ಗುಂಡಿಯಿಲ್ಲ, ತಂಗಡಿ ತೊಗಟೆಯಿಲ್ಲ, ನೊಣವಿಲ್ಲ. ಹರಳಯ್ಯ ದಿನಾ ಮಾಡುತ್ತಿದ್ದ ಕೆಲಸದ ವಾಸನೆಯನ್ನು ಕಥೆ ತೊಳೆದುಹಾಕಿದ ಮೇಲೆಯೇ ಆ ಮೆಟ್ಟು ಪೂಜೆಗೆ ಅರ್ಹವಾಯಿತು. ಜೊತೆಗೆ ಇನ್ನೊಂದು ಕಥೆಯನ್ನೂ ಜನ ಹೇಳುತ್ತಾರೆ: ಆ ಚಮ್ಮಾವುಗೆಯನ್ನು ಮೆಟ್ಟಿ ಮೈಯೆಲ್ಲ ಉರಿ ಎದ್ದ ಮಧುವರಸನಿಗೆ ಗುಣವಾದದ್ದು ಹರಳಯ್ಯನ ಮನೆಯ ತೊಗಲು ನೆನೆಹಾಕುವ ನೀರಿನಿಂದ. ಈ ಎರಡನೆಯ ಕಥೆಯನ್ನು ಕಟ್ಟಿದವರು ಕೇರಿಯವರೇ ಇರಬೇಕೆಂದು ನನ್ನ ಊಹೆ. ಆ ನೀರಿನ ವಾಸನೆ ಬಲ್ಲವರು ಮಾತ್ರ ಅದನ್ನು ಮದ್ದು ಮಾಡಬಲ್ಲರು.

ವಾಸನೆಯ ಕಸುಬುದಾರರನ್ನು ಊರಾಚೆ ಇಡುವುದು ನಮ್ಮ ದೇಶದ್ದೊಂದೇ ರೂಢಿಯಲ್ಲ. ಜಪಾನಿನಲ್ಲಿ ಚರ್ಮದ ಕೆಲಸದವರನ್ನು ಹುಟ್ಟಿನಿಂದಲೇ ಹೊರಗಿಟ್ಟು, 1871ರಲ್ಲಿ ಕಾನೂನು ಬದಲಾಯಿಸಿದ ಮೇಲೂ ಆ ಕಳಂಕ ಪೂರ್ತಿ ಹೋಗಲಿಲ್ಲ. ಯುರೋಪಿನಲ್ಲೂ ತೊಗಲಿನವರ ಗುಂಡಿಗಳು ಊರ ಅಂಚಿಗೇ. ಆದರೆ ಅಲ್ಲೊಂದು ವಿಚಿತ್ರ ತಿರುವು ಇದೆ. ಇವತ್ತು ಜಗತ್ತಿನ ಸುಗಂಧದ ರಾಜಧಾನಿ ಎನ್ನಿಸಿಕೊಂಡ ಫ್ರಾನ್ಸಿನ ಗ್ರಾಸ್ ಪಟ್ಟಣ ಮೂಲತಃ ತೊಗಲು ಹದ ಮಾಡುವವರ ಊರು. ನಾಯಿ, ಪಾರಿವಾಳಗಳ ಹಿಕ್ಕೆಯಲ್ಲಿ, ಉಚ್ಚೆಯಲ್ಲಿ ತೊಗಲನ್ನು ಮಿದು ಮಾಡುತ್ತಿದ್ದ ಕಾಲ ಅದು. ಹದಿನಾರನೆಯ ಶತಮಾನದಲ್ಲಿ ಶ್ರೀಮಂತರಿಗೆ ತೊಗಲಿನ ಕೈಗವಸಿನ ಶೋಕಿ ಹತ್ತಿತು. ಕೈಗೆ ಗವಸು ಬೇಕು, ಅದರ ನಾತ ಬೇಡ. ಗ್ರಾಸಿನ ಕಸುಬಿನವರು ಸುತ್ತಲ ಬೆಟ್ಟದ ಹೂವು, ಕೊಬ್ಬುಗಳನ್ನು ಸೇರಿಸಿ ಗವಸಿಗೆ ಪರಿಮಳ ಕೂಡಿಸಿದರು. 1614ರಲ್ಲಿ ಹದಿಮೂರನೆಯ ಲೂಯಿಯ ಆಡಳಿತ 'ಗವಸುಗಾರ-ಸುಗಂಧಕಾರ' ಎಂಬ ಬಿರುದನ್ನು ಅಧಿಕೃತವಾಗಿ ಒಪ್ಪಿತು. ಮುಂದೆ ತೊಗಲಿನ ಮೇಲೆ ತೆರಿಗೆ ಏರಿತು, ಗವಸು ಹಿಂದೆ ಬಿತ್ತು, ಸುಗಂಧ ಉಳಿಯಿತು. ಅಂದರೆ ಆಧುನಿಕ ಯುರೋಪಿನ ಸೆಂಟು ಹುಟ್ಟಿದ್ದು ತೊಗಲಿನ ಗುಂಡಿಯ ದಂಡೆಯಲ್ಲಿ. ತೊಗಲಿನವನ ಮಗ ಅತ್ತರಿನ ಸಾಹುಕಾರನಾಗಲು ಅಲ್ಲಿ ಒಂದೆರಡು ತಲೆಮಾರು ಸಾಕಾಯಿತು. ಇಲ್ಲಿ ಎರಡು ಸಾವಿರ ವರ್ಷ ಸಾಕಾಗಲಿಲ್ಲ. ವ್ಯತ್ಯಾಸ ಹೂವಿನಲ್ಲಿರಲಿಲ್ಲ, ನಮ್ಮಲ್ಲೂ ಬೇಕಾದಷ್ಟು ಹೂವಿತ್ತು.

ರಷ್ಯದ ಕಥೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿಯವರು ತೊಗಲಿಗೆ ಮರದ ತೊಗಟೆಯಲ್ಲಿ ಹದ ಕೊಟ್ಟು, ಬರ್ಚ್ ಎಂಬ ಮರದ ತೊಗಟೆಯನ್ನು ಗಾಳಿಯಾಡದಂತೆ ಸುಟ್ಟು ಇಳಿಸಿದ ಕರಿಯ ಎಣ್ಣೆಯನ್ನು ತಿಕ್ಕುತ್ತಿದ್ದರು. ಹುಳ ಹತ್ತದಿರಲಿ, ನೀರು ಹಿಡಿಯದಿರಲಿ ಎಂದು. ಹೊಗೆ, ಟಾರು, ತೊಗಲು ಕೂಡಿದ ಆ ವಾಸನೆಗೆ ಯುರೋಪು ಮರುಳಾಯಿತು. 1786ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಿಂದ ಜಿನೋವಾಕ್ಕೆ ಇಂಥ ತೊಗಲು ಹೊತ್ತು ಹೊರಟಿದ್ದ 'ಮೆಟ್ಟಾ ಕ್ಯಾಥರೀನಾ' ಎಂಬ ಹಡಗು ಇಂಗ್ಲೆಂಡಿನ ಪ್ಲಿಮತ್ ಬಳಿ ಮುಳುಗಿತು. 1973ರಲ್ಲಿ ಮುಳುಗುಗಾರರು ಅದನ್ನು ಕಂಡುಹಿಡಿದಾಗ ಕೆಸರಿನೊಳಗಿದ್ದ ತೊಗಲಿನ ಸುರುಳಿಗಳು ಗಟ್ಟಿಯಾಗಿದ್ದವು, ವಾಸನೆಯನ್ನೂ ಉಳಿಸಿಕೊಂಡಿದ್ದವು. ಅದರಲ್ಲಿ ಮೆಟ್ಟು, ಚೀಲ ಹೊಲಿಸಿಕೊಂಡು ಹಣವಂತರು ಬೀಗಿದರು. ಅದಕ್ಕೆ ಮೊದಲೇ, 1920ರ ದಶಕದಲ್ಲಿ, ಪ್ಯಾರಿಸಿನ ಶನೆಲ್ ಸಂಸ್ಥೆ 'ಕ್ವಿರ್ ದ ರುಸ್ಸಿ', ಅಂದರೆ ರಷ್ಯದ ತೊಗಲು ಎಂಬ ಹೆಸರಿನಲ್ಲೇ ಹೆಂಗಸರ ಸೆಂಟು ಮಾಡಿ ಮಾರಿತ್ತು. ತೊಗಲಿನ ನಾತ ಮುಚ್ಚಲು ಹುಟ್ಟಿದ ಕಸುಬು ಕೊನೆಗೆ ತೊಗಲಿನ ನಾತವನ್ನೇ ಸೀಸೆಗೆ ತುಂಬಿತು.

ಇದೇ ಕಾಲದಲ್ಲಿ ನಮ್ಮ ಕೇರಿಗಳಲ್ಲಿ ಏನು ನಡೆಯುತ್ತಿತ್ತು? ಮದರಾಸಿನ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ ತಂದ. ಮಾದಿಗರ ಬಗ್ಗೆ ಉದ್ದಕ್ಕೆ ಬರೆದಿದ್ದಾನೆ. ಅಳತೆಗೋಲು ಹಿಡಿದು ಜಾತಿ ಜಾತಿಯವರ ಮೂಗಿನ ಉದ್ದಗಲ ಅಳೆದವನು ಅವನು. ಮೂಗು ಹೇಗಿದೆ ಎಂದು ಅಳೆದರು. ಯಾರ ಮೂಗು ಯಾರನ್ನು ಕಂಡರೆ ಮುರಿಯುತ್ತದೆ ಎಂದು ಅಳೆದಿದ್ದರೆ ಜಾತಿಯ ಶಾಸ್ತ್ರ ಇನ್ನೂ ಬೇಗ ಸಿಗುತ್ತಿತ್ತು.

ನಮ್ಮ ತಾತನ ಗುಂಡಿ ಹಳ್ಳದ ದಂಡೆಯಲ್ಲಿತ್ತು. ನಾನು ಸಣ್ಣವನಾಗಿದ್ದಾಗ ಕಂಡಷ್ಟು, ಅವ್ವ ಹೇಳಿದಷ್ಟು ಬರೆಯುತ್ತೇನೆ. ಸತ್ತ ದನದ ಹಸಿ ತೊಗಲನ್ನು ಮೊದಲು ನೀರಲ್ಲಿ ನೆನೆಹಾಕಿ, ಆಮೇಲೆ ಸುಣ್ಣದ ಗುಂಡಿಗಿಳಿಸುತ್ತಾರೆ. ಕೂದಲು ಸಡಿಲವಾದಾಗ ಎತ್ತಿ, ಮರದ ದಿಮ್ಮಿಯ ಮೇಲೆ ಹರವಿ ಒಂದು ಮಗ್ಗುಲು ಕೂದಲು, ಇನ್ನೊಂದು ಮಗ್ಗುಲು ಮಾಂಸ ಹೆರೆಯುತ್ತಾರೆ. ಸುಣ್ಣ ಹೋಗುವ ತನಕ ತೊಳೆದು, ಚೀಲದ ಹಾಗೆ ಹೊಲಿದು, ತಂಗಡಿ ತೊಗಟೆಯ ಪುಡಿ ಮತ್ತು ತೊಗಟೆ ನೀರು ತುಂಬಿ ಮರಕ್ಕೆ ನೇತುಹಾಕುತ್ತಾರೆ. ನೀರು ತೊಟ್ಟಿಕ್ಕುತ್ತಿರುತ್ತದೆ, ಸೋರಿದ್ದನ್ನು ಮತ್ತೆ ಮೇಲೆ ಹೊಯ್ಯುತ್ತಾರೆ. ಅಳಲೆಕಾಯಿ, ಕೊನೆಗೆ ಎಣ್ಣೆ. ಈ ಎಲ್ಲ ಹಂತಕ್ಕೂ ತಾತನಿಗೆ ಗಡಿಯಾರವಾಗಿದ್ದದ್ದು ಅವನ ಮೂಗು. ಒಂದು ದಿನ ಹೆಚ್ಚಾದರೆ ತೊಗಲು ಕೊಳೆಯುತ್ತದೆ, ಕಡಿಮೆಯಾದರೆ ಸೆಟೆಯುತ್ತದೆ. ಕೊಳೆತ ವಾಸನೆ, ಸುಣ್ಣದ ಕಟು ವಾಸನೆ, ತೊಗಟೆಯ ಒಗರು ವಾಸನೆ, ಹದವಾದ ತೊಗಲಿನ ಬೆಚ್ಚನೆಯ ವಾಸನೆ, ಇವು ಅವನಿಗೆ ನಾಲ್ಕು ಬೇರೆ ಬೇರೆ ಸುದ್ದಿ. ಊರಿನವರಿಗೆ ನಾಲ್ಕೂ ಒಂದೇ: ಮಾದಿಗರ ನಾತ.

ಅದೇ ತೊಗಲಿನಿಂದ ಊರಿಗೆ ಕಪಿಲೆಯ ಬಾನಿ ಹೋಗುತ್ತಿತ್ತು, ಮಿಣಿ ಹೋಗುತ್ತಿತ್ತು, ಬಾರುಕೋಲು ಹೋಗುತ್ತಿತ್ತು. ಬಾವಿ ಮುಟ್ಟಬಾರದ ತಾತ ಹೊಲಿದ ತೊಗಲಿನ ಬಾನಿ ಬಾವಿಯೊಳಗೆ ದಿನವಿಡೀ ಇಳಿದು ಹತ್ತುತ್ತಿತ್ತು. ಆ ನೀರಿಗೆ ಕಬ್ಬು ಬೆಳೆಯಿತು, ಮಲ್ಲಿಗೆ ಬೆಳೆಯಿತು. ಮಲ್ಲಿಗೆಯ ಕಂಪಿನ ಬಗ್ಗೆ ಕನ್ನಡದಲ್ಲಿ ಎಷ್ಟು ಪದ್ಯಗಳಿವೆ, ಎಣಿಸಿದವರಿದ್ದಾರೆಯೇ?

ಎಪ್ಪತ್ತರ ದಶಕದ ಕೊನೆಯಲ್ಲಿ ಸಂಘರ್ಷ ಸಮಿತಿಯ ಹುಡುಗರು ಹಟ್ಟಿಗೆ ಬಂದು ಸತ್ತ ದನ ಹೊರಬೇಡಿ ಎಂದರು. ಗುಂಡಿ ಮುಚ್ಚಿತು. ಅದು ಸರಿಯಾದ ತೀರ್ಮಾನ. ಅದರ ಹಿಂದೆ ಬಾಬಾಸಾಹೇಬರ ಮಾತಿತ್ತು. 1956ರ ಅಕ್ಟೋಬರ್ 15ರ ನಾಗಪುರದ ಭಾಷಣದಲ್ಲಿ ಅವರು ಒಂದು ಹಳೆಯ ವಿಷಯ ನೆನೆಯುತ್ತಾರೆ. ಸತ್ತ ದನದ ಚರ್ಮ, ಕೊಂಬು, ಮೂಳೆಗಳಿಂದ ವರ್ಷಕ್ಕೆ 500 ರೂಪಾಯಿ ಸಿಗುವಾಗ ಮಹಾರರು ಅದನ್ನು ಬಿಟ್ಟು ನಷ್ಟ ಮಾಡಿಕೊಳ್ಳುತ್ತಿದ್ದಾರೆ ಎಂದು 'ಕೇಸರಿ'ಯಲ್ಲಿ ಒಬ್ಬರು ಬರೆದಿದ್ದರಂತೆ. ಅಷ್ಟು ಲಾಭವಿದ್ದರೆ ನೀವೇ ಏಕೆ ಹೊರಬಾರದು ಎಂಬುದು ಬಾಬಾಸಾಹೇಬರ ಉತ್ತರದ ತಿರುಳು. ಆ ಉತ್ತರಕ್ಕೆ ಇವತ್ತಿಗೂ ಎದುರುತ್ತರ ಬಂದಿಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾದ ಬಳಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಅದಾದ ಮೇಲೆ ಸುರೇಂದ್ರನಗರದ ಕಲೆಕ್ಟರ್ ಕಚೇರಿಯ ಮುಂದೆ ದಲಿತರು ಸತ್ತ ದನಗಳನ್ನು ತಂದು ಹಾಕಿ ಹೋದರು. ಅಧಿಕಾರಿಗಳು ಮೂಗು ಮುಚ್ಚಿಕೊಳ್ಳಬೇಕಾಯಿತು. ವಾಸನೆಯನ್ನು ಅದರ ಒಡೆಯರಿಗೆ ಹಿಂತಿರುಗಿಸಿದ ಪ್ರತಿಭಟನೆ ಅದು.

ಗುಂಡಿ ಮುಚ್ಚಿದ ಮೇಲೂ ವಾಸನೆ ಹೋಗಲಿಲ್ಲ ಎಂಬುದನ್ನು ನಾನು ಕಲಿತದ್ದು ಕಾಲೇಜಿನ ಹಾಸ್ಟೆಲಿನಲ್ಲಿ. ಯಾವ ಊರು, ಯಾವ ಹಾಸ್ಟೆಲು ಎನ್ನುವುದು ಬೇಡ. ಮನೆಯಲ್ಲಿ ತೊಗಲಿನ ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು. ನನ್ನ ತಗಡಿನ ಟ್ರಂಕಿನಲ್ಲಿದ್ದದ್ದು ಎರಡು ಜೊತೆ ಬಟ್ಟೆ, ಪುಸ್ತಕ, ಚಟ್ನಿಪುಡಿ. ಎರಡು ತಿಂಗಳು ಅದು ಮಂಚದ ಕೆಳಗೆ ಸುಮ್ಮನೆ ಇತ್ತು. ನೋಟಿಸ್ ಬೋರ್ಡಿಗೆ ಸ್ಕಾಲರ್‌ಷಿಪ್ಪಿನ ಪಟ್ಟಿ ಅಂಟಿಸಿದ ಮರುದಿನ ಜೊತೆಯ ಹುಡುಗ ಕೇಳಿದ: "ನಿನ್ ಟ್ರಂಕಿನಿಂದ ಏನೋ ವಾಸ್ನೆ ಬರ್ತಾ ಇದೆಯಲ್ಲ?" ಆ ವಾರವೇ ಅವನು ಬೇರೆ ಕೋಣೆಗೆ ಹೋದ. ನಾನು ಪೌಡರ್ ಹಾಕಿಕೊಳ್ಳುವುದನ್ನು ಕಲಿತೆ. ನಮ್ಮ ತಲೆಮಾರಿನ ಹಾಸ್ಟೆಲ್ ಹುಡುಗರೆಲ್ಲ ಬೆಳಿಗ್ಗೆ ಸ್ಯಾಂಡಲ್ ಸೋಪಿನಲ್ಲಿ ಎರಡೆರಡು ಸಲ ಮೈ ಉಜ್ಜಿದವರು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನಿಗೆ ಗಂಧದ ಸಾಗಣೆ ನಿಂತು, ಮೈಸೂರು ಸರ್ಕಾರ ತಾನೇ ಎಣ್ಣೆ ಇಳಿಸಿ ಸಾಬೂನು ಮಾಡಿತಲ್ಲ, ಆ ಆಧುನಿಕತೆಯ ಅತ್ಯಂತ ನಿಷ್ಠಾವಂತ ಗಿರಾಕಿಗಳು ನಾವೇ ಇರಬೇಕು.

ಹಾಗಾಗಿ ಈ ಹೊಗೆ-ತೊಗಲು-ಮಣ್ಣಿನ ಅತ್ತರನ್ನು ಹಚ್ಚಿಕೊಂಡು ಮನೆಯಿಂದ ಹೊರಡುವುದು ನನಗೆ ಬರೀ ಶೋಕಿಯ ಮಾತಲ್ಲ. ಮೂವತ್ತು ವರ್ಷ ಮೈಯಿಂದ ಉಜ್ಜಿ ತೆಗೆದದ್ದನ್ನು ದುಡ್ಡು ಕೊಟ್ಟು ಮತ್ತೆ ಮೈಗೆ ಹಾಕಿಕೊಳ್ಳುವುದು. ಮೇಲ್ಜಾತಿಯ ಮೈಮೇಲೆ ಇದೇ ಹನಿ ಬಿದ್ದರೆ 'ಧೈರ್ಯದ ಆಯ್ಕೆ' ಎನಿಸಿಕೊಳ್ಳುತ್ತದೆ. ನನ್ನ ಮೈಮೇಲೆ ಬಿದ್ದರೆ ಹಳೆಯ ಗುಮಾನಿ. ಆದರೂ ಒಂದು ದಿನ ಹಚ್ಚಿಕೊಂಡು ಕಾಲೇಜಿಗೆ ಹೋದೆ. ಸ್ಟಾಫ್ ರೂಮಿನಲ್ಲಿ ಒಬ್ಬರು ಕಿಟಕಿ ತೆರೆದರು. ಇನ್ನೊಬ್ಬರು, ತಿಳಿದವರು, ಹತ್ತಿರ ಬಂದು "ಏನ್ ಸಾರ್, ಫಾರಿನ್ನಾ?" ಎಂದರು. ನಾನು ಇಬ್ಬರಿಗೂ ಏನೂ ಹೇಳಲಿಲ್ಲ. ಮಧ್ಯಾಹ್ನದ ತನಕ ಆ ವಾಸನೆ ನನ್ನ ಜೊತೆ ಕೂತು ಪಾಠ ಮಾಡಿತು. ಯಾವ ಕ್ಷಣಕ್ಕೂ ಅದು ನನಗೆ ಹಿತವಾಗಲಿಲ್ಲ, ಆದರೆ ತೊಳೆದುಕೊಳ್ಳಬೇಕು ಎಂದೂ ಅನ್ನಿಸಲಿಲ್ಲ.

ಈಗ ಮತ್ತೆ ವಿಮರ್ಶೆಯ ಮಾತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ನಾಡಿಗೆ ನಾಡೇ ಉರಿದೆದ್ದಿತು. ಎರಡು ವರ್ಷಕ್ಕೆ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಸಂಕಲನದ ಮೇಲೆ 'ಹೊಲೆಮಾದಿಗರ ಹಾಡು' ಎಂದೇ ಅಚ್ಚು ಹಾಕಿಸಿದರು. ಮುಖಪುಟವೇ ಮೂಗಿಗೆ ಹೊಡೆಯುವಂತಿತ್ತು. ಅಲ್ಲಿಂದ ಮುಂದೆ ವಿಮರ್ಶೆ ಆ ಏಟನ್ನು ನಿಧಾನವಾಗಿ ಪಳಗಿಸಿಕೊಂಡಿತು. ದಲಿತ ಬರಹದಲ್ಲಿ ಅದಕ್ಕೆ ಬೇಕಾದದ್ದು ಹೊಗೆ, ಮಣ್ಣು, ಬೆವರು. ಗ್ರಾಸಿನ ಗವಸುಗಾರನ ಗಿರಾಕಿಗಳ ಹಾಗೆ: ವಾಸನೆ ಸೀಸೆಯೊಳಗಿರಲಿ, ಗುಂಡಿ ದೂರವಿರಲಿ. ದಲಿತ ಹುಡುಗಿಯೊಬ್ಬಳು ಗಣಿತದ ಬಗ್ಗೆ, ಒಂಟಿತನದ ಬಗ್ಗೆ, ಮಲ್ಲಿಗೆಯ ಬಗ್ಗೆಯೇ ಬರೆದರೆ 'ಇದರಲ್ಲಿ ದಲಿತ ಸಂವೇದನೆ ಕಾಣುತ್ತಿಲ್ಲ' ಎಂದು ಮೂಗೆಳೆಯುತ್ತಾರೆ. ಆ ಮಲ್ಲಿಗೆಗೆ ನೀರೆತ್ತಿದ ಬಾನಿ ಯಾರದು ಎಂದು ಕೇಳುವ ತಾಳ್ಮೆ ಅವರಿಗಿಲ್ಲ.

ನಮ್ಮೊಳಗಿನ ಜಗಳವನ್ನೂ ಮುಚ್ಚಿಡಬಾರದು. ಕಸುಬು ಬಿಟ್ಟದ್ದು ಬಿಡುಗಡೆ. ಅದರ ಜೊತೆಗೆ ಆ ಮೂಗಿನ ವಿದ್ಯೆಯೂ ಹೋಯಿತು ಎಂದರೆ ಗೆಳೆಯರು ಸಿಟ್ಟಾಗುತ್ತಾರೆ: ಮತ್ತೆ ಗುಂಡಿಗೆ ಇಳಿ ಅಂತೀಯಾ? ಇಲ್ಲ. ಯಾರೂ ಇಳಿಯಬೇಕಾಗಿಲ್ಲ. ಆದರೆ 'ಹದ' ಎಂಬ ಮಾತನ್ನು ತೊಗಲಿನವರು ಯಾವ್ಯಾವ ಅರ್ಥದಲ್ಲಿ ಬಳಸುತ್ತಿದ್ದರು, ಯಾವ ಹಂತಕ್ಕೆ ಯಾವ ಹೆಸರಿತ್ತು, ಇದನ್ನು ನಮ್ಮ ವಿದ್ಯಾರ್ಥಿಗಳು ಬರೆದಿಡಬೇಕು. ವರಾಹಮಿಹಿರನ ಗಂಧಯುಕ್ತಿಗೆ ಟೀಕೆಗಳಿವೆ, ಅನುವಾದಗಳಿವೆ. ಹಳ್ಳದ ದಂಡೆಯ ಗಂಧಯುಕ್ತಿಗೆ ಒಂದು ಹಾಳೆಯೂ ಇಲ್ಲ. ಸುಣ್ಣದ ಗುಂಡಿಯಿಂದ ತೊಗಲು ಎತ್ತುವ ಹೊತ್ತಾಯಿತು ಎಂದು ತಿಳಿಸುವ ಒಂದು ವಾಸನೆಗೆ ತಾತ ಬೇರೆಯೇ ಮಾತು ಹೇಳುತ್ತಿದ್ದನಂತೆ. ಅವ್ವನಿಗೆ ಅದು ನೆನಪಿಲ್ಲ. ಹಟ್ಟಿಯಲ್ಲಿ ಆ ಕೆಲಸ ಮಾಡಿದ ಮುದುಕರು ಇನ್ನಿಬ್ಬರಿದ್ದಾರೆ. ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಮುಂದಿನ ರಜೆಯಲ್ಲಿ ಇನ್ನೊಬ್ಬರ ಬಳಿ ಹೋಗುತ್ತೇನೆ.